ಟೆಸ್ಲಿನ್ ಟ್ಲಿಂಗಿಟ್ ಸರ್ಕಾರ: ನಮ್ಮವರು ಯಾರು ಅಂತ ಹೇಳೋರು ಯಾರು?

ಕೆನಡಾದ ವಾಯವ್ಯ ಮೂಲೆಯಲ್ಲಿ ಯೂಕಾನ್ ಅನ್ನುವ ಪ್ರದೇಶ ಇದೆ. ವಿಸ್ತೀರ್ಣದಲ್ಲಿ ಕರ್ನಾಟಕದ ಎರಡೂವರೆ ಪಟ್ಟು. ಆದರೆ ಅಷ್ಟು ದೊಡ್ಡ ಜಾಗದಲ್ಲಿ ಐವತ್ತು ಸಾವಿರ ಜನರೂ ಇಲ್ಲ. ಅದರ ದಕ್ಷಿಣ ಅಂಚಿನಲ್ಲಿ ಟೆಸ್ಲಿನ್ ಸರೋವರ ಇದೆ, ಉದ್ದ ಸುಮಾರು 120 ಕಿಲೋಮೀಟರ್, ಅಗಲ ಮಾತ್ರ ತೀರಾ ಕಡಿಮೆ. ಆ ಸರೋವರದ ದಡದಲ್ಲಿ ಅದೇ ಹೆಸರಿನ ಒಂದು ಊರು, ಕೆಲವು ನೂರು ಜನರ ಊರು. ಅಲ್ಲಿ ಒಂದು ಸರ್ಕಾರ ಇದೆ, ಟೆಸ್ಲಿನ್ ಟ್ಲಿಂಗಿಟ್ ಕೌನ್ಸಿಲ್ ಅಂತ. ಹೆಸರು ಕೇಳಿದರೆ ಯಾವುದೋ ಸಂಘ ಇರಬೇಕು ಅನ್ನಿಸುತ್ತದೆ. ಆದರೆ ಅದು ಕಾನೂನು ಮಾಡುತ್ತದೆ, ಆದಾಯ ತೆರಿಗೆ ಪಡೆಯುತ್ತದೆ, ತನ್ನದೇ ನ್ಯಾಯಾಲಯ ನಡೆಸುತ್ತದೆ. ಕೆಲವು ವಿಷಯಗಳಲ್ಲಿ ಅದು ಕಾನೂನು ಮಾಡಿತು ಅಂದರೆ, ಅದೇ ವಿಷಯದ ಯೂಕಾನ್ ಸರ್ಕಾರದ ಕಾನೂನು ಅಷ್ಟರ ಮಟ್ಟಿಗೆ ಕೆಲಸ ಮಾಡುವುದಿಲ್ಲ.

ಮೂಲನಿವಾಸಿಗಳ ಸ್ವಯಂ ಆಡಳಿತ ಅಂದ ಕೂಡಲೇ ನಾವು ಕೇಳುವುದು ಎಷ್ಟು ಭೂಮಿ ಸಿಕ್ಕಿತು, ಎಷ್ಟು ದುಡ್ಡು ಸಿಕ್ಕಿತು ಅಂತ. ಆ ಲೆಕ್ಕ ಮುಂದೆ ಕೊಡುತ್ತೇನೆ. ಆದರೆ ಟೆಸ್ಲಿನ್ ಚರಿತ್ರೆ ಓದುತ್ತಾ ಹೋದ ಹಾಗೆ ನನಗೆ ಖಚಿತವಾಗಿದ್ದು, ಎಲ್ಲದಕ್ಕಿಂತ ಮೊದಲಿನ ಪ್ರಶ್ನೆ ಒಂದಿದೆ ಅಂತ: ಒಂದು ಮಗು ಹುಟ್ಟಿತು, ಅದು ನಮ್ಮ ಮಗು ಹೌದೋ ಅಲ್ಲವೋ ಅಂತ ಹೇಳುವವರು ಯಾರು? ನೂರು ವರ್ಷಕ್ಕೂ ಜಾಸ್ತಿ ಕಾಲ ಆ ತೀರ್ಮಾನ ಸಾವಿರಾರು ಕಿಲೋಮೀಟರ್ ದೂರದ ರಾಜಧಾನಿ ಒಟ್ಟಾವಾದ ಕಚೇರಿಯಲ್ಲಿ ಆಗುತ್ತಿತ್ತು. ಅದನ್ನು ಊರಿಗೆ ವಾಪಸ್ ತರಿಸಿಕೊಳ್ಳುವುದೇ ಇಲ್ಲಿ ಸ್ವಯಂ ಆಡಳಿತದ ತಿರುಳು ಅಂತ ನನ್ನ ನಂಬಿಕೆ.

ಟ್ಲಿಂಗಿಟ್ ಜನ ಮೂಲತಃ ಕಡಲ ತೀರದವರು. ಅಲಾಸ್ಕಾದ ಆಗ್ನೇಯಕ್ಕೆ ದ್ವೀಪಗಳು, ಕೊಲ್ಲಿಗಳು ತುಂಬಿದ ಉದ್ದನೆಯ ಪಟ್ಟಿಯೊಂದಿದೆ. ಸಿಟ್ಕಾ, ಹೂನಾ, ಆಂಗೂನ್, ಯಾಕುಟಾಟ್ ಎಲ್ಲಾ ಅಲ್ಲಿನ ಊರುಗಳು. ಅಲ್ಲಿಂದ ಟಾಕು ನದಿಯ ದಾರಿ ಹಿಡಿದು, ಬೆಟ್ಟ ದಾಟಿ, ಒಳನಾಡಿನವರ ಜೊತೆ ವ್ಯಾಪಾರಕ್ಕೆ ಹೋಗುತ್ತಿದ್ದರು. ತೀರದಿಂದ ಮೀನೆಣ್ಣೆ, ಒಳನಾಡಿನಿಂದ ತುಪ್ಪಳದ ಚರ್ಮ. ಹೀಗೆ ಹೋಗಿ ಬರುತ್ತಾ, ಅಲ್ಲಿನ ಅಥಬಾಸ್ಕನ್ ಭಾಷೆಗಳ ಜನರ ಜೊತೆ ಮದುವೆ ಸಂಬಂಧ ಬೆಳೆಸುತ್ತಾ, ಕೆಲವು ಮನೆತನಗಳು ಅಲ್ಲೇ ನಿಂತವು. ಟೆಸ್ಲಿನ್, ಆಟ್ಲಿನ್, ಕಾರ್‌ಕ್ರಾಸ್ ಕಡೆಯ ಟ್ಲಿಂಗಿಟರನ್ನು ಇವತ್ತಿಗೂ ಒಳನಾಡಿನ ಟ್ಲಿಂಗಿಟರು ಅಂತಲೇ ಕರೆಯುತ್ತಾರೆ.

ಆಮೇಲೆ ಇವರ ನಾಡಿನ ಮೇಲೆ ಬೇರೆಯವರು ಗೆರೆ ಎಳೆದರು. 1867ರಲ್ಲಿ ರಷ್ಯಾ ಅಲಾಸ್ಕಾವನ್ನು ಅಮೆರಿಕಕ್ಕೆ 72 ಲಕ್ಷ ಡಾಲರ್‌ಗೆ ಮಾರಿತು. ಅಲ್ಲಿ ಇದ್ದವರನ್ನು ಯಾರೂ ಕೇಳಲಿಲ್ಲ. ಈಗ ಒಂದೇ ಭಾಷೆಯ, ಒಂದೇ ಕುಲಗಳ ಜನ ಮೂರು ಬೇರೆ ಬೇರೆ ಕಾನೂನುಗಳ ಅಡಿ ಬದುಕುತ್ತಿದ್ದಾರೆ: ಅಲಾಸ್ಕಾದಲ್ಲಿ ಒಂದು, ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಇನ್ನೊಂದು, ಯೂಕಾನ್‌ನಲ್ಲಿ ಮತ್ತೊಂದು. ಟೆಸ್ಲಿನ್ ಸರೋವರವನ್ನೇ ನೋಡಿ, ಅದರ ಒಂದು ತುದಿ ಬ್ರಿಟಿಷ್ ಕೊಲಂಬಿಯಾದಲ್ಲಿದೆ, ಇನ್ನೊಂದು ಯೂಕಾನ್‌ನಲ್ಲಿ.

ಕುಲ ಅಂದೆ. ಅದು ಗೊತ್ತಾಗದೆ ಟೆಸ್ಲಿನ್ ಸರ್ಕಾರ ಅರ್ಥ ಆಗುವುದಿಲ್ಲ.

ಟೆಸ್ಲಿನ್‌ನಲ್ಲಿ ಐದು ಕುಲಗಳಿವೆ. ಯಾನ್ಯೆಡಿ ಕುಲದ ಲಾಂಛನ ತೋಳ, ದಕ್ಲಾವೆಡಿ ಕುಲದ್ದು ಹದ್ದು, ಇಶ್ಕಿತಾನ್ ಕುಲದ್ದು ಕಪ್ಪೆ, ದೆಶಿತಾನ್ ಕುಲದ್ದು ಮರ ಕಡಿದು ನೀರಿಗೆ ಒಡ್ಡು ಕಟ್ಟುವ ಪ್ರಾಣಿ ಬೀವರ್, ಕೂಕ್‌ಹಿತ್ತಾನ್ ಕುಲದ್ದು ರೇವನ್, ಅಂದರೆ ಉತ್ತರದ ದೊಡ್ಡ ಕಾಗೆ. ಈ ಐದು ಕುಲಗಳು ಎರಡು ಬಣಗಳಲ್ಲಿ ಸೇರುತ್ತವೆ. ಮೊದಲ ಎರಡು ತೋಳದ ಬಣ, ಉಳಿದ ಮೂರು ಕಾಗೆಯ ಬಣ. ಸಂಪ್ರದಾಯದ ಪ್ರಕಾರ ಒಂದು ಬಣದವರು ಇನ್ನೊಂದು ಬಣದವರನ್ನೇ ಮದುವೆ ಆಗಬೇಕು. ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಳಿಯಸಂತಾನದ ಮನೆಗಳಲ್ಲಿ ಬಳಿ ತಾಯಿಯಿಂದ ಬರುತ್ತದೆ, ಒಂದೇ ಬಳಿಯೊಳಗೆ ಮದುವೆ ಇಲ್ಲ, ಮಗುವಿನ ಜೀವನದಲ್ಲಿ ಸೋದರಮಾವನ ಮಾತಿಗೆ ತೂಕ ಜಾಸ್ತಿ. ಟ್ಲಿಂಗಿಟರಲ್ಲೂ ಹುಡುಗನನ್ನು ತಿದ್ದಿ ಬೆಳೆಸುವ ಹೊಣೆ ತಾಯಿಯ ಅಣ್ಣತಮ್ಮಂದಿರದ್ದೇ.

ಈ ಎರಡು ಬಣಗಳು ಒಂದಕ್ಕೊಂದು ಎದುರು ನಿಂತು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಸಾವಿನ ಮನೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ತೋಳದ ಬಣದಲ್ಲಿ ಒಬ್ಬರು ತೀರಿಕೊಂಡರೆ ಆ ಬಣದವರು ಕೆಲಸಕ್ಕೆ ಕೈ ಹಾಕುವುದಿಲ್ಲ, ಅವರದು ದುಃಖಿಸುವ ಹೊತ್ತು. ಗುಂಡಿ ತೋಡುವುದು, ಅಡುಗೆ, ಬಂದವರನ್ನು ನೋಡಿಕೊಳ್ಳುವುದು, ಎಲ್ಲಾ ಕಾಗೆಯ ಬಣದವರದ್ದು. ಆಮೇಲೆ ಒಂದು ದಿನ ಸತ್ತವರ ಕುಲದವರು ಪಾಟ್ಲ್ಯಾಚ್ ನಡೆಸುತ್ತಾರೆ. ಊಟ, ಹಾಡು, ಕುಣಿತ, ಕುಲದ ಚರಿತ್ರೆ ಹೇಳುವುದು, ಹೆಸರುಗಳನ್ನು ಮುಂದಿನವರಿಗೆ ಕೊಡುವುದು, ಕೊನೆಗೆ ಆ ದಿನ ದುಡಿದ ಎದುರು ಬಣದ ಒಬ್ಬೊಬ್ಬರಿಗೂ ಎಲ್ಲರ ಮುಂದೆ ಉಡುಗೊರೆ ಕೊಟ್ಟು ಋಣ ತೀರಿಸುವುದು. ಬಂದು ಕೂತವರೆಲ್ಲ ಸಾಕ್ಷಿಗಳು. ಯಾರಿಗೆ ಯಾವ ಹೆಸರು ಹೋಯಿತು, ಯಾವ ಹಕ್ಕು ಯಾರದ್ದು ಅನ್ನುವುದಕ್ಕೆಲ್ಲ ಇದೇ ದಾಖಲೆ. ಅಂದರೆ ಇದು ಬರೀ ಹಬ್ಬ ಅಲ್ಲ, ನೋಂದಣಿ ಕಚೇರಿ, ಲೆಕ್ಕಪತ್ರ, ನ್ಯಾಯಪಂಚಾಯಿತಿ ಎಲ್ಲಾ ಸೇರಿದ್ದು. ಇಂಥ ಪಾಟ್ಲ್ಯಾಚನ್ನು ಕೆನಡಾ 1885ರಿಂದ 1951ರವರೆಗೆ ಕಾನೂನು ಮಾಡಿ ಅಪರಾಧ ಅಂದಿತ್ತು.

ಹಳೆಯ ಟೆಸ್ಲಿನ್ ಹೇಗಿತ್ತು ಅಂತ ಇವತ್ತು ನಮಗೆ ಕಣ್ಣಾರೆ ಕಾಣುವುದಕ್ಕೆ ಜಾರ್ಜ್ ಜಾನ್‌ಸ್ಟನ್ ಕಾರಣ. ಅವರು ಊರಿನ ಬೇಟೆಗಾರ, ತುಪ್ಪಳ ವ್ಯಾಪಾರಿ, ಜೊತೆಗೆ ಕ್ಯಾಮೆರಾ ಹಿಡಿದವರು. ತಮ್ಮ ಜನರ ಬದುಕನ್ನು ತಾವೇ ದಶಕಗಳ ಕಾಲ ಫೋಟೋ ತೆಗೆದರು. ತುಪ್ಪಳದ ವ್ಯಾಪಾರ ಚೆನ್ನಾಗಿ ಆದಾಗ 1928ರ ಮಾಡೆಲ್ ಷೆವರ್ಲೆ ಕಾರು ಕೊಂಡು ಹಡಗಿನಲ್ಲಿ ಹಾಕಿಸಿ ಟೆಸ್ಲಿನ್‌ಗೆ ತಂದರು. ಊರಿಗೆ ಆಗ ರಸ್ತೆಯೇ ಇರಲಿಲ್ಲ! ಕಾಡು ಕಡಿದು ಕೆಲವು ಮೈಲಿ ದಾರಿ ಮಾಡಿಕೊಂಡರು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದ ಮೇಲೆ ಬೇಕಾದಷ್ಟು ಜಾಗ, ಮಂಜುಗಡ್ಡೆಯ ಮೇಲೆಯೇ ಕಾರು ಓಡಿಸುತ್ತಿದ್ದರು. ಬೇಟೆಯ ಪ್ರಾಣಿಗೆ ಕಾಣಬಾರದು ಅಂತ ಅದಕ್ಕೆ ಬಿಳಿ ಬಣ್ಣ ಬಳಿದಿದ್ದರು. ಆ ಕಾರು ಈಗಲೂ ಊರಿನ ಮ್ಯೂಸಿಯಂನಲ್ಲಿದೆ. ಈ ಮನುಷ್ಯನ ವಿಷಯ ಓದಿದಾಗ ನನಗೆ ತುಂಬಾ ಖುಷಿಯಾಯಿತು, ಯಾಕೆಂದರೆ ಹೊಸದನ್ನು ಯಾವಾಗ, ಎಷ್ಟು, ಹೇಗೆ ತೆಗೆದುಕೊಳ್ಳಬೇಕು ಅಂತ ಅವರೇ ನಿರ್ಧರಿಸಿದ್ದರು.

ಮುಂದಿನ ರಸ್ತೆ ಹಾಗೆ ಬರಲಿಲ್ಲ. ಪರ್ಲ್ ಹಾರ್ಬರ್ ಮೇಲೆ ದಾಳಿ ಆದ ಮೇಲೆ, 1942ರಲ್ಲಿ, ಅಮೆರಿಕದ ಸೇನೆ ಅಲಾಸ್ಕಾ ಹೆದ್ದಾರಿಯನ್ನು ಎಂಟೇ ತಿಂಗಳ ಆಸುಪಾಸಿನಲ್ಲಿ ಕಡಿದು ಮುಗಿಸಿತು. ಅದು ಟೆಸ್ಲಿನ್ ಮೇಲೇ ಹಾದುಹೋಯಿತು. ಸೈನಿಕರ ಜೊತೆ ರೋಗಗಳೂ ಬಂದವು. ದಡಾರ, ಆಮಶಂಕೆ, ಕಾಮಾಲೆ, ನಾಯಿಕೆಮ್ಮು, ಮಂಗನಬಾವು, ಮೆದುಳು ಜ್ವರ, ಒಂದರ ಹಿಂದೆ ಒಂದು. ಒಬ್ಬ ವೈದ್ಯರು ಟೆಸ್ಲಿನ್‌ನ ಈ ಸರಣಿಯನ್ನು ಆಗಲೇ ದಾಖಲಿಸಿದ್ದಾರೆ. ಒಂದೇ ವರ್ಷದ ಒಳಗೆ ಒಂದು ಸಣ್ಣ ಊರು ಅಷ್ಟನ್ನೂ ತಡೆದುಕೊಳ್ಳಬೇಕಾಯಿತು. ಹೆದ್ದಾರಿಯ ಹಿಂದೆಯೇ ಸರ್ಕಾರವೂ ಹತ್ತಿರ ಬಂತು. ಮಕ್ಕಳನ್ನು ಲೋವರ್ ಪೋಸ್ಟ್, ಕಾರ್‌ಕ್ರಾಸ್‌ನ ವಸತಿ ಶಾಲೆಗಳಿಗೆ ಕರೆದುಕೊಂಡು ಹೋದರು. ಅಲ್ಲಿ ಟ್ಲಿಂಗಿಟ್ ಭಾಷೆ ಆಡಿದರೆ ಶಿಕ್ಷೆ.

ಇವೆಲ್ಲದರ ಮೇಲೆ ಇಂಡಿಯನ್ ಆಕ್ಟ್. 1876ರ ಈ ಕಾನೂನು ತಿದ್ದುಪಡಿ ಆಗುತ್ತಾ ಆಗುತ್ತಾ ಇವತ್ತಿಗೂ ಇದೆ. ಇಂಡಿಯನ್ ಅಂದರೆ ಇಲ್ಲಿ ಕೆನಡಾದ ಮೂಲನಿವಾಸಿ, ಆ ಕಾನೂನು ಬಳಸುವ ಹೆಸರು ಅದು. ಒಬ್ಬರು ಕಾನೂನಿನ ಕಣ್ಣಲ್ಲಿ ಇಂಡಿಯನ್ ಹೌದೋ ಅಲ್ಲವೋ, ಬ್ಯಾಂಡ್ ಅನ್ನುವ ಘಟಕ ಹೇಗಿರಬೇಕು, ಅದರ ಮುಖ್ಯಸ್ಥರನ್ನು ಹೇಗೆ ಆರಿಸಬೇಕು, ಎಲ್ಲಾ ಅದರಲ್ಲೇ. ಕುಲಗಳಿಗೆ ಅಲ್ಲಿ ಜಾಗವೇ ಇಲ್ಲ.

ಈ ಕಾನೂನು ಟೆಸ್ಲಿನ್‌ನಂಥ ಊರಿಗೆ ಎಲ್ಲಿ ಪೆಟ್ಟು ಕೊಟ್ಟಿತು ಅಂತ ಒಂದು ಕುಟುಂಬ ಇಟ್ಟುಕೊಂಡು ನೋಡೋಣ. ಇದು ವಿವರಣೆಗೆ ಅಂತ ನಾನು ಕಟ್ಟಿದ ಕುಟುಂಬ. ಅಜ್ಜಿ ಯಾನ್ಯೆಡಿ ಕುಲದವರು. ಅವರು 1960ರಲ್ಲಿ ಹೊರಗಿನಿಂದ ಬಂದ ಬಿಳಿಯ ರಸ್ತೆ ಕೆಲಸಗಾರನನ್ನು ಮದುವೆಯಾದರು. ಟ್ಲಿಂಗಿಟ್ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ. ಅಜ್ಜಿ ಯಾನ್ಯೆಡಿ, ಮಗಳು ಯಾನ್ಯೆಡಿ, ಮಗಳ ಮಕ್ಕಳೂ ಯಾನ್ಯೆಡಿ. ಇಂಡಿಯನ್ ಆಕ್ಟ್ ಲೆಕ್ಕ ಪೂರ್ತಿ ಉಲ್ಟಾ. ಮದುವೆಯಾದ ದಿನವೇ ಅಜ್ಜಿ ಇಂಡಿಯನ್ ಅಲ್ಲ. ಮಕ್ಕಳೂ ಅಲ್ಲ. ಅದೇ ಅಜ್ಜಿಯ ತಮ್ಮ ಬಿಳಿಯ ಹೆಂಗಸನ್ನು ಮದುವೆಯಾದರು ಅಂದುಕೊಳ್ಳಿ. ಆ ಹೆಂಗಸು ಕಾನೂನಿನ ಪ್ರಕಾರ ಇಂಡಿಯನ್ ಆಗುತ್ತಿದ್ದರು, ಅವರ ಮಕ್ಕಳೂ ಇಂಡಿಯನ್. ಟ್ಲಿಂಗಿಟ್ ಲೆಕ್ಕದಲ್ಲಿ ಮಾತ್ರ ಆ ಮಕ್ಕಳಿಗೆ ತಾಯಿಯಿಂದ ಬರುವ ಕುಲವೇ ಇಲ್ಲ, ಯಾವುದಾದರೂ ಕುಲ ದತ್ತು ತೆಗೆದುಕೊಳ್ಳಬೇಕು.

ನೋಡಿ, ತಾಯಿಯ ಮೂಲಕ ಹರಿದುಬರುವ ಸಮಾಜದಲ್ಲಿ ಕಾನೂನು ಕತ್ತರಿ ಹಾಕಿದ್ದು ತಾಯಿಯ ಎಳೆಗೇ. ಅನ್ಯಾಯ ಎಲ್ಲಾ ಕಡೆ ಆಯಿತು ನಿಜ, ತಂದೆಯ ಕಡೆಯಿಂದ ವಂಶ ಎಣಿಸುವ ಸಮುದಾಯಗಳಲ್ಲೂ ಹೆಂಗಸರು ನೊಂದರು. ಆದರೆ ಇಲ್ಲಿ ಕುಲ ಮುಂದುವರಿಸುವವಳನ್ನೇ ಪಟ್ಟಿಯಿಂದ ತೆಗೆದುಹಾಕುತ್ತಿದ್ದರು. 1985ರಲ್ಲಿ ಸಂಸತ್ತು ಆ ನಿಯಮ ತೆಗೆದು ತುಂಬಾ ಹೆಂಗಸರಿಗೆ ಸ್ಥಾನ ವಾಪಸ್ ಕೊಟ್ಟಿತು. ಆದರೂ ಇನ್ನೊಂದು ನಿಯಮ ಉಳಿಯಿತು: ಎರಡು ತಲೆಮಾರು ಸತತವಾಗಿ ಹೊರಗೆ ಮದುವೆಯಾದರೆ ಮೂರನೆಯ ತಲೆಮಾರಿಗೆ ಸ್ಥಾನ ಇಲ್ಲ. ಅಂಥ ಒಂದು ಮೊಮ್ಮಗು ಪಾಟ್ಲ್ಯಾಚ್‌ನಲ್ಲಿ ತನ್ನ ಕುಲದ ಸಾಲಿನಲ್ಲಿ ಕೂರಬಹುದು, ಕುಲದ ಹೆಸರು ಪಡೆಯಬಹುದು, ಒಟ್ಟಾವಾದ ಪಟ್ಟಿಯಲ್ಲಿ ಮಾತ್ರ ಅದು ಯಾರೂ ಅಲ್ಲ.

ಬಿಡುಗಡೆಯ ದಾರಿ ಶುರುವಾಗಿದ್ದು ಮಾತುಕತೆಯಿಂದ. ಯೂಕಾನ್‌ನ ಹೆಚ್ಚಿನ ಭಾಗದಲ್ಲಿ ಮೂಲನಿವಾಸಿಗಳು ಯಾರಿಗೂ ಭೂಮಿ ಬಿಟ್ಟುಕೊಟ್ಟ ಒಪ್ಪಂದವೇ ಇರಲಿಲ್ಲ. ನಾಡು ಕೆನಡಾದ್ದು ಅಂತ ಸುಮ್ನೆ ಅಂದುಕೊಂಡು ನಡೆಸುತ್ತಿದ್ದರು, ಅಷ್ಟೇ. 1973ರ ಫೆಬ್ರವರಿ 14ರಂದು ಎಲೈಜಾ ಸ್ಮಿತ್ ಮತ್ತು ಯೂಕಾನ್‌ನ ಇತರ ಮುಖಂಡರು ಒಟ್ಟಾವಾಗೆ ಹೋಗಿ ಪ್ರಧಾನಿ ಪಿಯರ್ ಟ್ರೂಡೊ ಅವರ ಕೈಗೆ ತಮ್ಮ ಬೇಡಿಕೆಯ ದಾಖಲೆ ಕೊಟ್ಟರು. ಅದಕ್ಕೆ ಎರಡು ವಾರ ಮೊದಲಷ್ಟೇ ಕೆನಡಾದ ಸುಪ್ರೀಂ ಕೋರ್ಟ್ ಕಾಲ್ಡರ್ ಪ್ರಕರಣದಲ್ಲಿ, ಬಿಳಿಯರು ಬರುವ ಮೊದಲಿನ ಭೂಮಿಯ ಹಕ್ಕು ಅನ್ನುವುದೊಂದು ಕಾನೂನಿನಲ್ಲಿ ಇದೆ ಅಂತ ಒಪ್ಪಿತ್ತು. ಸರ್ಕಾರ ಮಾತುಕತೆಗೆ ಕೂರಲೇಬೇಕಾಯಿತು.

ಕೂತದ್ದು ಇಪ್ಪತ್ತು ವರ್ಷ. ಈ ನಡುವೆ ಟೆಸ್ಲಿನ್‌ನಲ್ಲಿ ಬಹಳ ವರ್ಷ ಮುಖ್ಯಸ್ಥರಾಗಿದ್ದ ಸ್ಯಾಮ್ ಜಾನ್‌ಸ್ಟನ್ 1985ರಲ್ಲಿ ಯೂಕಾನ್ ಶಾಸನಸಭೆಯ ಸ್ಪೀಕರ್ ಆದರು. ಕೆನಡಾದ ಯಾವುದೇ ಶಾಸನಸಭೆಯಲ್ಲಿ ಆ ಕುರ್ಚಿ ಹತ್ತಿದ ಮೊದಲ ಮೂಲನಿವಾಸಿ ಅವರು. ಕೊನೆಗೆ 1993ರ ಮೇ 29ರಂದು ಇಡೀ ಯೂಕಾನ್‌ಗೆ ಚೌಕಟ್ಟಾಗುವ ಒಪ್ಪಂದಕ್ಕೆ ಸಹಿ ಬಿತ್ತು. ಅದೇ ದಿನ ನಾಲ್ಕು ಸಮುದಾಯಗಳು ತಮ್ಮ ತಮ್ಮ ಅಂತಿಮ ಒಪ್ಪಂದಕ್ಕೂ ಸ್ವಯಂ ಆಡಳಿತದ ಒಪ್ಪಂದಕ್ಕೂ ಸಹಿ ಹಾಕಿದವು. ಟೆಸ್ಲಿನ್ ಟ್ಲಿಂಗಿಟ್ ಕೌನ್ಸಿಲ್ ಆ ನಾಲ್ಕರಲ್ಲಿ ಒಂದು. ಜಾರಿಗೆ ಬಂದದ್ದು 1995ರ ಫೆಬ್ರವರಿ 14ರಂದು, ದಾಖಲೆ ಒಟ್ಟಾವಾಗೆ ಹೋಗಿ ಸರಿಯಾಗಿ ಇಪ್ಪತ್ತೆರಡು ವರ್ಷಕ್ಕೆ.

ಇಲ್ಲಿ ಎರಡು ಒಪ್ಪಂದಗಳಿವೆ ಅನ್ನುವುದನ್ನು ಗಮನಿಸಿ. ಅಂತಿಮ ಒಪ್ಪಂದ ಭೂಮಿ, ಪರಿಹಾರ, ಕಾಡು, ಮೀನು, ಬೇಟೆ ಇವುಗಳದ್ದು. ಅದಕ್ಕೆ ಕೆನಡಾ ಸಂವಿಧಾನದ ರಕ್ಷಣೆ ಇದೆ. ಸ್ವಯಂ ಆಡಳಿತದ ಒಪ್ಪಂದ ಅಧಿಕಾರದ್ದು, ತಮ್ಮ ಪ್ರಜೆಗಳು ಯಾರು ಅಂತ ಹೇಳುವ ಅಧಿಕಾರವೂ ಅದರಲ್ಲೇ. ಅದು ಸಂಸತ್ತಿನ ಕಾನೂನಿನ ಮೂಲಕ ಜಾರಿಗೆ ಬಂದಿದೆ, ಆದರೆ ಟೆಸ್ಲಿನ್‌ನವರ ಒಪ್ಪಿಗೆ ಇಲ್ಲದೆ ಅದನ್ನು ಬದಲಾಯಿಸುವ ಹಾಗಿಲ್ಲ. ಮೇಲಿನ ಸರ್ಕಾರ ಕೃಪೆ ತೋರಿಸಿ ಕೊಟ್ಟದ್ದು, ಬೇಡ ಅನ್ನಿಸಿದಾಗ ಕಿತ್ತುಕೊಳ್ಳಬಹುದು, ಅಂಥ ಅಧಿಕಾರ ಇದಲ್ಲ.

ಈಗ ಭೂಮಿಯ ಲೆಕ್ಕ. ಟೆಸ್ಲಿನ್‌ಗೆ ಸಿಕ್ಕಿದ್ದು 2,400 ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಇದರಲ್ಲೂ ಎರಡು ಬಗೆ. ಕೆಲವು ಜಾಗಗಳಲ್ಲಿ ನೆಲವೂ ಅವರದ್ದು, ನೆಲದಡಿಯ ಖನಿಜವೂ ಅವರದ್ದು. ಉಳಿದ ಕಡೆ ನೆಲ ಮಾತ್ರ. ಯೂಕಾನ್‌ನ ಎಲ್ಲಾ 14 ಸಮುದಾಯಗಳಿಗೆ ಸೇರಿ ನಿಗದಿಯಾದ ಭೂಮಿ 41,595 ಚದರ ಕಿಲೋಮೀಟರ್, ಅಂದರೆ ಇಡೀ ಪ್ರದೇಶದ ಶೇಕಡಾ 9ಕ್ಕಿಂತ ಕಡಿಮೆ. ಪರಿಹಾರ 1989ರ ಬೆಲೆಯಲ್ಲಿ ಎಲ್ಲರಿಗೂ ಸೇರಿ ಸುಮಾರು 24 ಕೋಟಿ 27 ಲಕ್ಷ ಡಾಲರ್. ಉಳಿದ ಭೂಮಿ? ಅದರ ಮೇಲಿನ ಹಳೆಯ ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆ ಅಂತ ಒಪ್ಪಂದದಲ್ಲೇ ಬರೆಸಿಕೊಂಡರು. ಈ ಷರತ್ತು ನನಗೆ ತುಂಬಾ ಕಹಿ ಅನ್ನಿಸುತ್ತದೆ. ಯೂಕಾನ್‌ನ 14 ಸಮುದಾಯಗಳಲ್ಲಿ ರಾಸ್ ರಿವರ್, ಲಿಯಾರ್ಡ್, ವೈಟ್ ರಿವರ್ ಈ ಮೂರು ಇವತ್ತಿಗೂ ಸಹಿ ಹಾಕಿಲ್ಲ, ಅದಕ್ಕೆ ಈ ಷರತ್ತೂ ಒಂದು ದೊಡ್ಡ ಕಾರಣ. ಅವರ ಹಟ ನನಗೆ ಅರ್ಥ ಆಗುತ್ತದೆ. ಇನ್ನೊಂದು ಮಾತು: ಇಪ್ಪತ್ತು ವರ್ಷದ ಮಾತುಕತೆಗೆ ವಕೀಲರು, ನಕ್ಷೆ, ಓಡಾಟ ಎಲ್ಲದಕ್ಕೂ ದುಡ್ಡು ಬೇಕಲ್ವಾ, ಅದನ್ನು ಈ ಸಮುದಾಯಗಳು ಕೆನಡಾ ಸರ್ಕಾರದಿಂದಲೇ ಸಾಲ ಪಡೆದು, ಆಮೇಲೆ ತಮಗೆ ಬಂದ ಪರಿಹಾರದಿಂದ ತೀರಿಸಬೇಕಿತ್ತು. ತಮ್ಮದೇ ನೆಲದ ಬಗ್ಗೆ ಮಾತಾಡುವುದಕ್ಕೆ ಸಾಲ! ಇಂಥ ಸಾಲಗಳನ್ನು ಮನ್ನಾ ಮಾಡುತ್ತೇವೆ, ತೀರಿಸಿದವರಿಗೆ ವಾಪಸ್ ಕೊಡುತ್ತೇವೆ ಅಂತ ಕೆನಡಾ ಹೇಳಿದ್ದು 2019ರ ಬಜೆಟ್‌ನಲ್ಲಿ.

ಅಧಿಕಾರದ ಕಡೆ ಬಂದರೆ, ಅದಕ್ಕೆ ಎರಡು ವ್ಯಾಪ್ತಿ ಇದೆ. ಕೆಲವು ಕಾನೂನುಗಳು ಮನುಷ್ಯರ ಜೊತೆ ಹೋಗುತ್ತವೆ, ಕೆಲವು ನೆಲಕ್ಕೆ ಅಂಟಿರುತ್ತವೆ. ದತ್ತು, ಮಕ್ಕಳ ಪಾಲನೆ, ಆಸ್ತಿ ಯಾರಿಗೆ ಹೋಗಬೇಕು, ಮದುವೆ ನಡೆಸುವುದು, ಆರೋಗ್ಯ, ಭಾಷೆ, ಶಿಕ್ಷಣ, ಇವುಗಳ ಬಗ್ಗೆ ಟೆಸ್ಲಿನ್ ಮಾಡುವ ಕಾನೂನು ಯೂಕಾನ್‌ನಲ್ಲಿ ಎಲ್ಲೇ ಇದ್ದರೂ ಅದರ ಪ್ರಜೆಗೆ ಅನ್ವಯಿಸಬಹುದು. ರಾಜಧಾನಿ ವೈಟ್‌ಹಾರ್ಸ್‌ನಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಟೆಸ್ಲಿನ್ ಕುಟುಂಬಕ್ಕೂ ಸಹ. ಇನ್ನು ಮನೆ ಎಲ್ಲಿ ಕಟ್ಟಬಹುದು, ಯಾರು ಬೇಟೆಯಾಡಬಹುದು, ಮರ ಕಡಿಯುವುದು, ರಸ್ತೆ, ಇವು ಅವರ ಭೂಮಿಯ ಮೇಲೆ ಕಾಲಿಟ್ಟ ಯಾರಿಗಾದರೂ ಅನ್ವಯಿಸುತ್ತವೆ, ಅವರು ಟ್ಲಿಂಗಿಟ್ ಆಗಿರಲಿ ಬಿಡಲಿ. ಕ್ರಿಮಿನಲ್ ಕಾನೂನು ಮಾತ್ರ ಕೆನಡಾದ ಕೈಯಲ್ಲೇ ಉಳಿದಿದೆ.

ತೆರಿಗೆಯಲ್ಲಿ ಒಂದು ಕೊಟ್ಟು ಒಂದು ತೆಗೆದುಕೊಂಡರು. ಇಂಡಿಯನ್ ಆಕ್ಟ್‌ನಲ್ಲಿ ಇದ್ದ ತೆರಿಗೆ ವಿನಾಯಿತಿ ಬಿಟ್ಟರು. ಅದರ ಬದಲು, ತಮ್ಮ ಭೂಮಿಯಲ್ಲಿ ವಾಸ ಇರುವವರು ಕಟ್ಟುವ ಆದಾಯ ತೆರಿಗೆಯ ದೊಡ್ಡ ಪಾಲು ತಮ್ಮ ಖಜಾನೆಗೆ ಬರುವ ಹಾಗೆ 1999ರಿಂದ ವ್ಯವಸ್ಥೆ ಆಯಿತು.

ಸರ್ಕಾರದ ರಚನೆ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಇಂಡಿಯನ್ ಆಕ್ಟ್ ಹೇರಿದ ಚುನಾವಣೆಯ ಮಾದರಿ ಪಕ್ಕಕ್ಕಿಟ್ಟು, ಟೆಸ್ಲಿನ್‌ನವರು ಕುಲಗಳನ್ನೇ ಸಂವಿಧಾನದೊಳಗೆ ಕೂರಿಸಿದರು. ಮುಖ್ಯ ಸಭೆಯಲ್ಲಿ 25 ಜನ, ಕುಲಕ್ಕೆ ಐವರಂತೆ. ಒಂದು ಕುಲದಲ್ಲಿ ಜನ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಇರಬಹುದು, ಕುರ್ಚಿ ಮಾತ್ರ ಸಮ. ತಮ್ಮ ಐವರು ಯಾರು ಅಂತ ಆಯಾ ಕುಲವೇ ತೀರ್ಮಾನಿಸುತ್ತದೆ. ದಿನದ ಆಡಳಿತಕ್ಕೆ ಕಾರ್ಯಕಾರಿ ಮಂಡಳಿ, ಅದರಲ್ಲೂ ಪ್ರತಿ ಕುಲಕ್ಕೆ ಜಾಗ. ಹಿರಿಯರದ್ದು ಒಂದು ಮಂಡಳಿ, ನ್ಯಾಯಕ್ಕೆ ಇನ್ನೊಂದು ಮಂಡಳಿ. ಎಷ್ಟು ಸಾಧ್ಯವೋ ಅಷ್ಟು ಎಲ್ಲರ ಒಪ್ಪಿಗೆ ಬರುವವರೆಗೆ ಮಾತಾಡುವುದು ಪದ್ಧತಿ. ಪ್ರತಿ ಪ್ರಜೆಯೂ ಯಾವುದಾದರೂ ಒಂದು ಕುಲಕ್ಕೆ ಸೇರಿರುತ್ತಾರೆ. ಊರಿನ ಹೊರಗೆ ಸರೋವರದ ಕಡೆ ಮುಖ ಮಾಡಿರುವ ಟ್ಲಿಂಗಿಟ್ ಪರಂಪರಾ ಕೇಂದ್ರದ ಮುಂದೆ ಐದು ಎತ್ತರದ ಕೆತ್ತನೆ ಕಂಬಗಳಿವೆ, ಕುಲಕ್ಕೊಂದು. ಪ್ರವಾಸಿಗಳು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆದರೆ ಆ ಕಂಬಗಳ ಮೇಲಿರುವ ತೋಳ, ಹದ್ದು, ಕಪ್ಪೆ, ಬೀವರ್, ಕಾಗೆಗಳೇ ಒಳಗೆ ಬಜೆಟ್ ಪಾಸು ಮಾಡುವ ಸಭೆಯ ಲೆಕ್ಕಾಚಾರವೂ ಹೌದು.

ಸಮ ಕುರ್ಚಿ ಅಂದರೆ ಒಬ್ಬರಿಗೆ ಒಂದು ಓಟು ಅನ್ನುವ ತತ್ವ ಏನಾಯಿತು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಇಂಥದ್ದೇ ಪ್ರಶ್ನೆ ಯೂಕಾನ್‌ನ ಇನ್ನೊಂದು ಸಮುದಾಯ ವುಂಟುಟ್ ಗ್ವಿಚಿನ್‌ನಲ್ಲಿ ಎದ್ದು ಕೆನಡಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಗೆದ್ದ ಪ್ರತಿನಿಧಿಗಳು ದೂರದ ಓಲ್ಡ್ ಕ್ರೋ ಊರಿಗೆ ಬಂದು ವಾಸ ಮಾಡಲೇಬೇಕು ಅಂತ ಅವರ ಸಂವಿಧಾನದಲ್ಲಿದೆ. ವೈಟ್‌ಹಾರ್ಸ್‌ನಲ್ಲಿದ್ದ ಒಬ್ಬ ಮಹಿಳೆ ಇದು ತಾರತಮ್ಯ ಅಂದರು. 2024ರ ಮಾರ್ಚ್‌ನಲ್ಲಿ ಬಂದ ತೀರ್ಪಿನ ಸಾರ ಇಷ್ಟು: ಕೆನಡಾದ ಮೂಲಭೂತ ಹಕ್ಕುಗಳ ಪಟ್ಟಿ ಈ ಸರ್ಕಾರಗಳಿಗೂ ಅನ್ವಯಿಸುತ್ತದೆ, ಆದರೆ ಒಂದು ನಿಯಮ ಆ ಸಮುದಾಯದ ತನ್ನತನವನ್ನು ಕಾಪಾಡುವಂಥದ್ದಾದರೆ, ಅದೇ ಪಟ್ಟಿಯ 25ನೇ ವಿಧಿ ಅದಕ್ಕೆ ರಕ್ಷಣೆ ಕೊಡುತ್ತದೆ. ಆ ಮಹಿಳೆ ಸೋತರು. ಈ ತೀರ್ಪಿನ ಬಗ್ಗೆ ಅಲ್ಲಿನವರಲ್ಲೇ ಭಿನ್ನಾಭಿಪ್ರಾಯ ಇದೆ, ಇರಬೇಕಾದದ್ದೇ. ಕುಲಗಳ ಮೇಲೆ ನಿಂತ ಟೆಸ್ಲಿನ್ ಸರ್ಕಾರಕ್ಕೆ ಮಾತ್ರ ಇದು ದೊಡ್ಡ ಆಸರೆ ಅಂತ ನನಗನ್ನಿಸುತ್ತದೆ.

ನ್ಯಾಯಾಲಯದ ವಿಷಯದಲ್ಲಿ ಟೆಸ್ಲಿನ್ ಯೂಕಾನ್‌ನಲ್ಲೇ ಮೊದಲು. 1993ರ ಒಪ್ಪಂದ ಈ ಬಾಗಿಲನ್ನು ಅರ್ಧ ತೆರೆದು, ಉಳಿದದ್ದನ್ನು ಮುಂದೆ ಮಾತಾಡೋಣ ಅಂತ ಬಿಟ್ಟಿತ್ತು. ಮಾತಾಡಿ ಮುಗಿಯುವ ಹೊತ್ತಿಗೆ 2011 ಆಯಿತು. ಇವರ ಕೋರ್ಟಿಗೆ ಪೀಸ್‌ಮೇಕರ್ ಕೋರ್ಟ್ ಅಂತ ಹೆಸರು. ಜಗಳ ಬಂದರೆ ಮೊದಲು ಎರಡೂ ಕಡೆಯವರನ್ನು ಕೂರಿಸಿ ರಾಜಿಗೆ ಪ್ರಯತ್ನ. ಅದು ಆಗದಿದ್ದರೆ ಮಾತ್ರ ವಿಚಾರಣೆ, ತೀರ್ಪು. ಟೆಸ್ಲಿನ್ ತಾನು ಮಾಡಿದ ಕಾನೂನನ್ನು ತಾನೇ ಜಾರಿ ಮಾಡಬಹುದು ಅನ್ನುವುದು ಇಲ್ಲಿಯ ಮುಖ್ಯ ವಿಷಯ. ಕಾನೂನು ಬರೆಯುವ ಅಧಿಕಾರ ಕೊಟ್ಟು, ಅದನ್ನು ಮುರಿದವರನ್ನು ಬೇರೆಯವರ ಕೋರ್ಟಿಗೆ ಕಳಿಸಿ ಅಂದರೆ ಅದು ಪೂರ್ತಿ ಅಧಿಕಾರ ಆಗುವುದಿಲ್ಲ.

ಇನ್ನು ದುಡ್ಡು. ಇಲ್ಲೇ ಆ ಹಳೆಯ ಪಟ್ಟಿ ಮತ್ತೆ ಎದ್ದು ಬಂತು. ಮೊದಲು ಕೆನಡಾ ನಡೆಸುತ್ತಿದ್ದ ಸೇವೆಗಳನ್ನು ಈಗ ಟೆಸ್ಲಿನ್ ನಡೆಸುತ್ತದೆ, ಅದಕ್ಕೆ ಕೆನಡಾ ಹಣ ಕೊಡಬೇಕು. ಇದನ್ನು ಆಗಾಗ ಮಾತುಕತೆ ಮಾಡಿ ನಿಗದಿ ಮಾಡುತ್ತಾರೆ. ಮಾತುಕತೆಯಲ್ಲಿ ಕೆನಡಾ ಸರ್ಕಾರ, ಇಂಡಿಯನ್ ಆಕ್ಟ್ ಪಟ್ಟಿಯಲ್ಲಿರುವವರ ತಲೆಗೆ ಲೆಕ್ಕ ಹಾಕಿ ಹಣ ಕೊಡುತ್ತೇವೆ ಅಂದಿತು. ಟೆಸ್ಲಿನ್ ಒಪ್ಪಲಿಲ್ಲ. ನಮ್ಮ ಪ್ರಜೆಗಳು ಯಾರು ಅಂತ ನಾವು ಹೇಳುವುದು ಅಂತ ನೀವೇ ಸಹಿ ಹಾಕಿದ್ದೀರಿ, ನಾವು ಸೇವೆ ಕೊಡುವುದು ಅವರೆಲ್ಲರಿಗೂ, ಪಟ್ಟಿಯಲ್ಲಿ ಇಲ್ಲದವರನ್ನು ಬಿಟ್ಟು ಸೇವೆ ನಡೆಸುವುದು ಹೇಗೆ ಅನ್ನುವುದು ಅವರ ವಾದ. ಮೇಲೆ ಹೇಳಿದ, ಒಟ್ಟಾವಾದ ಪಟ್ಟಿಯಲ್ಲಿ ಇಲ್ಲದ ಮೊಮ್ಮಗುವಿನಂಥವರು ಟೆಸ್ಲಿನ್ ಪ್ರಜೆಗಳು, ಕೆನಡಾದ ಆ ಲೆಕ್ಕದಲ್ಲಿ ಸೊನ್ನೆ.

ಕೌನ್ಸಿಲ್ ಕೋರ್ಟಿಗೆ ಹೋಯಿತು. 2019ರಲ್ಲಿ ಯೂಕಾನ್ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ರಾನ್ ವೀಲ್ ಟೆಸ್ಲಿನ್ ಪರ ತೀರ್ಪು ಕೊಟ್ಟರು. ಟೆಸ್ಲಿನ್‌ನ ಪ್ರಜೆಗಳ ಲೆಕ್ಕ ಇಟ್ಟುಕೊಂಡೇ ಹಣಕಾಸಿನ ಮಾತುಕತೆ ನಡೆಸುವುದು ಕೆನಡಾದ ಕರ್ತವ್ಯ, ತನ್ನ ಆಂತರಿಕ ನೀತಿ ತೋರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂದರು. ಅದೇ ವರ್ಷ ಕೆನಡಾ ಸ್ವಯಂ ಆಡಳಿತದ ಸಮುದಾಯಗಳ ಜೊತೆ ಕೂತು ಮಾಡಿದ ಹೊಸ ಹಣಕಾಸು ನೀತಿಯನ್ನೂ ಹೊರತಂದಿತು. ಒಪ್ಪಂದ ಜಾರಿಗೆ ಬಂದು ಇಪ್ಪತ್ತನಾಲ್ಕು ವರ್ಷ ಆದ ಮೇಲೆ, ನಮ್ಮವರು ನಮ್ಮವರೇ ಅಂತ ಕೋರ್ಟಿನಿಂದ ಹೇಳಿಸಿಕೊಳ್ಳಬೇಕಾಯಿತು ನೋಡಿ. ಕಾಗದದ ಮೇಲೆ ಅಧಿಕಾರ ಬಂದರೂ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆಯೋ ಅವರ ಜೊತೆ ಗುದ್ದಾಟ ನಿಲ್ಲುವುದಿಲ್ಲ.

ಗಡಿಯ ಆಚೆ ಅಲಾಸ್ಕಾದಲ್ಲಿ ಬೇರೆ ದಾರಿ ಹಿಡಿದರು. 1971ರ ಕಾನೂನಿನಲ್ಲಿ ಅಮೆರಿಕ ಅಲಾಸ್ಕಾದ ಮೂಲನಿವಾಸಿಗಳಿಗೆ 4 ಕೋಟಿ 40 ಲಕ್ಷ ಎಕರೆ ಭೂಮಿ, 96 ಕೋಟಿ 25 ಲಕ್ಷ ಡಾಲರ್ ಕೊಟ್ಟಿತು. ಕೇಳಲು ಭಾರೀ ದೊಡ್ಡದು. ಆದರೆ ಭೂಮಿ ಹೋಗಿದ್ದು ಬುಡಕಟ್ಟು ಸರ್ಕಾರಗಳಿಗೆ ಅಲ್ಲ, ಅದಕ್ಕೆಂದೇ ಸ್ಥಾಪಿಸಿದ ಕಂಪನಿಗಳಿಗೆ. ಆಗ್ನೇಯ ಅಲಾಸ್ಕಾದ ಕಂಪನಿಯ ಹೆಸರು ಸೀಲಾಸ್ಕಾ. ಅಲ್ಲಿಯ ಟ್ಲಿಂಗಿಟರು ಅದರ ಷೇರುದಾರರು. ಬುಡಕಟ್ಟು ಸರ್ಕಾರಗಳೂ ಇವೆ, ಸೇವೆ ಕೊಡುತ್ತವೆ, ಕೋರ್ಟು ನಡೆಸುತ್ತವೆ, ಆದರೆ ಅವುಗಳ ಕಾಲ ಕೆಳಗೆ ತಮ್ಮದೇ ಅಂತ ಹೇಳುವ ನೆಲ ತೀರಾ ಕಮ್ಮಿ. ಷೇರು ಸಿಕ್ಕಿದ್ದು ಆ ದಿನಕ್ಕೆ ಹುಟ್ಟಿದ್ದವರಿಗೆ. ಆಮೇಲೆ ಹುಟ್ಟಿದ ಮಕ್ಕಳನ್ನು ಸೇರಿಸಬೇಕಾದರೆ ಷೇರುದಾರರು ಓಟು ಹಾಕಬೇಕು, ಸೀಲಾಸ್ಕಾದಲ್ಲಿ ಹಾಗೆ ಓಟು ಹಾಕಿ ಸೇರಿಸಿಯೂ ಇದ್ದಾರೆ. ಇತ್ತ ಬ್ರಿಟಿಷ್ ಕೊಲಂಬಿಯಾದ ಆಟ್ಲಿನ್‌ನಲ್ಲಿರುವ ಟಾಕು ರಿವರ್ ಟ್ಲಿಂಗಿಟರಿಗೆ ಇಂಥ ಅಂತಿಮ ಒಪ್ಪಂದವೇ ಇಲ್ಲ. ಅವರ ನೆಲದಲ್ಲಿ ಗಣಿ ರಸ್ತೆಯ ವಿಷಯಕ್ಕೆ 2004ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋದರು. ಸರ್ಕಾರ ಅವರ ಜೊತೆ ಸಮಾಲೋಚನೆ ನಡೆಸಲೇಬೇಕು ಅಂತ ಕೋರ್ಟ್ ಹೇಳಿತು, ಆದರೆ ಆ ಪ್ರಕರಣದಲ್ಲಿ ನಡೆಸಿದ ಸಮಾಲೋಚನೆ ಸಾಕು ಅಂತಲೂ ಹೇಳಿತು. ಕಾರ್‌ಕ್ರಾಸ್ ಟ್ಯಾಗಿಶ್ ಸಮುದಾಯ 2005ರಲ್ಲಿ ಸಹಿ ಹಾಕಿ ಟೆಸ್ಲಿನ್ ದಾರಿಗೆ ಬಂತು. ಒಳನಾಡಿನ ಈ ಮೂರೂ ಸಮುದಾಯಗಳು ಈಗಲೂ ಹಬ್ಬಕ್ಕೆ ಒಟ್ಟಿಗೆ ಸೇರುತ್ತವೆ.

ಅಧಿಕಾರ ಇರುವುದರಿಂದ ನೆಲದ ಮೇಲೆ ಏನು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಟೆಸ್ಲಿನ್‌ನ ಸೇತುವೆ ನೋಡಿ. ಅಲಾಸ್ಕಾ ಹೆದ್ದಾರಿ ಊರಿನ ಪಕ್ಕ ನಿಸುಟ್ಲಿನ್ ಕೊಲ್ಲಿ ದಾಟುವಲ್ಲಿ 584 ಮೀಟರ್ ಉದ್ದದ ಸೇತುವೆ ಇತ್ತು. ಹೆದ್ದಾರಿಯಲ್ಲಿ ನೀರಿನ ಮೇಲಿನ ಅತಿ ಉದ್ದದ ಸೇತುವೆ ಅದೇ ಆಗಿತ್ತು. ಹಳೆಯದಾಗಿತ್ತು, ಹೊಸದು ಕಟ್ಟಬೇಕಿತ್ತು. 1942ರಲ್ಲಿ ರಸ್ತೆ ಬಂದಾಗ ಊರಿನವರನ್ನು ಕೇಳಿದವರಿಲ್ಲ. ಈ ಸಲ ಯೂಕಾನ್ ಸರ್ಕಾರ ಮೊದಲು ಟೆಸ್ಲಿನ್ ಟ್ಲಿಂಗಿಟ್ ಕೌನ್ಸಿಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಆಮೇಲೆ 2022ರಲ್ಲಿ ಸುಮಾರು 16 ಕೋಟಿ ಡಾಲರ್‌ನ ಗುತ್ತಿಗೆ ಕೊಟ್ಟಿತು. ಆ ಕೊಲ್ಲಿಗೆ ಬಂದು ಸೇರುವ ನಿಸುಟ್ಲಿನ್ ನದಿಯ ಮುಖಜ ಭೂಮಿ ಇವತ್ತು ವಲಸೆ ಹಕ್ಕಿಗಳ ರಾಷ್ಟ್ರೀಯ ರಕ್ಷಿತ ಪ್ರದೇಶ. ಅದೂ ಇವರ ಅಂತಿಮ ಒಪ್ಪಂದದಿಂದಲೇ ಹುಟ್ಟಿದ್ದು.

ಸಾಲ್ಮನ್ ವಿಷಯದಲ್ಲಿ ಮಾತ್ರ ಈ ಅಧಿಕಾರ ಸಾಲುತ್ತಿಲ್ಲ. ಚಿನೂಕ್ ಸಾಲ್ಮನ್ ಬೇರಿಂಗ್ ಸಮುದ್ರದಿಂದ ಹೊರಟು, ಅಲಾಸ್ಕಾ ಉದ್ದಕ್ಕೂ ಯೂಕಾನ್ ನದಿ ಈಜಿ, ಸುಮಾರು 3,000 ಕಿಲೋಮೀಟರ್ ದಾಟಿ ಟೆಸ್ಲಿನ್ ಕಡೆಯ ನೀರಿಗೆ ಮೊಟ್ಟೆ ಇಡಲು ಬರುತ್ತದೆ. ಬರುವ ಮೀನು ಕಡಿಮೆಯಾಗುತ್ತಾ ಹೋದಾಗ, ಹಿಡಿಯುವ ಹಕ್ಕು ಒಪ್ಪಂದದಲ್ಲೇ ಇದ್ದರೂ, ಟೆಸ್ಲಿನ್‌ನವರು ಬಹಳ ವರ್ಷಗಳಿಂದ ತಾವಾಗಿಯೇ ಕೈ ತಡೆದುಕೊಂಡಿದ್ದಾರೆ. ಬೇಸಿಗೆಯ ಮೀನು ಶಿಬಿರದಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಮೀನು ಸೀಳಿ ಹೊಗೆಗೆ ಕಟ್ಟುವುದನ್ನು ಕಲಿಸುತ್ತಿದ್ದರು, ಜೊತೆಗೆ ಭಾಷೆಯನ್ನೂ. ಮೀನು ಇಲ್ಲದಿದ್ದರೆ ಆ ಪಾಠಕ್ಕೂ ಜಾಗ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೆನಡಾ ಮತ್ತು ಅಲಾಸ್ಕಾ ಸೇರಿ, ಯೂಕಾನ್ ನದಿಯ ಚಿನೂಕ್ ಹಿಡಿಯುವುದನ್ನು ಏಳು ವರ್ಷ, ಅಂದರೆ ಆ ಮೀನಿನ ಒಂದು ಪೂರ್ತಿ ಜೀವನಚಕ್ರದಷ್ಟು ಕಾಲ, ನಿಲ್ಲಿಸುವ ಒಪ್ಪಂದ ಮಾಡಿಕೊಂಡವು. ಆ ಒಪ್ಪಂದಕ್ಕೆ ಸಹಿ ಹಾಕಿದ್ದು ಕೆನಡಾ ಮತ್ತು ಅಲಾಸ್ಕಾದ ಮೀನುಗಾರಿಕೆ ಇಲಾಖೆಗಳು. ನದಿಯ ಉದ್ದಕ್ಕೂ ಇರುವ ಮೂಲನಿವಾಸಿ ಸರ್ಕಾರಗಳೂ ಅದರ ಮುಂದಿನ ನಿರ್ಧಾರಗಳಲ್ಲಿ ಸಮಾನರಾಗಿ ಕೂರಬೇಕು ಅನ್ನುವ ಒತ್ತಾಯ ಗಡಿಯ ಎರಡೂ ಕಡೆಯಿಂದ ಬರುತ್ತಿದೆ.